ಕೃಷಿ ಹೊಂಡದ ನೀರಿನ ಲೆಕ್ಕ

ಒಣ ಪ್ರದೇಶದಲ್ಲಿ ಬೆಳೆ ಕೈಕೊಡಲು ವರ್ಷದ ಮಳೆ ಕಡಿಮೆಯಾಗಬೇಕೆಂದೇನೂ ಇಲ್ಲ. ರಾಗಿ ತೆನೆ ಬಿಡುವ ಹೊತ್ತಿಗೆ ಎರಡು-ಮೂರು ವಾರ ಮಳೆ ಬಾರದಿದ್ದರೂ ಕಾಳು ಜೊಳ್ಳಾಗುತ್ತದೆ. ಆಗ ಒಮ್ಮೆ ನೀರು ಹಾಯಿಸಿದರೆ ಮನೆಯ ವರ್ಷದ ಊಟ ಉಳಿಯಬಹುದು. ಇದೇ ರಕ್ಷಣಾತ್ಮಕ ನೀರಾವರಿ. ಹೊಲದಿಂದ ಹರಿದುಹೋಗುವ ಮಳೆನೀರನ್ನು ಹಿಡಿದಿಡುವ ಕೃಷಿ ಹೊಂಡ ಇದಕ್ಕೆ ಆಸರೆ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಇಂಥ ಹೊಂಡಗಳಿಗೆ ಸಹಾಯಧನ ನೀಡಿತು. ಒಂದು ಹೊಂಡದಿಂದ ಎಷ್ಟು ಸಾಧ್ಯ? ಲೆಕ್ಕ ಹಾಕೋಣ.

ಎಷ್ಟು ನೀರು?

ಮೇಲ್ಭಾಗ 10 ಮೀಟರ್ ಚೌಕ, ತಳ 4 ಮೀಟರ್ ಚೌಕ, ಆಳ 3 ಮೀಟರ್ ಇರುವ ಹೊಂಡವನ್ನು ಊಹಿಸಿಕೊಳ್ಳಿ. ಬದಿಗಳು ಇಳಿಜಾರಾಗಿರುವುದರಿಂದ ಅದರ ಗಾತ್ರ 156 ಘನ ಮೀಟರ್, ಅಂದರೆ 1,56,000 ಲೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಮೀ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ (4047 ಚದರ ಮೀಟರ್) ಹೊಲಕ್ಕೆ 30 ಮಿಮೀ ಮಳೆ ಬಿದ್ದು, ಅದರ ಐದನೇ ಒಂದು ಭಾಗ ಹರಿದು ಬಂದರೆ ಸುಮಾರು 24,000 ಲೀಟರ್ ಸಿಗುತ್ತದೆ. ಇಂಥ ಆರೇಳು ಮಳೆಗೆ ಹೊಂಡ ತುಂಬುತ್ತದೆ.

ಖರ್ಚು ಹೇಗೆ?

ತುಂಬಿದ ಹೊಂಡದ ಮೇಲ್ಮೈ 100 ಚದರ ಮೀಟರ್. ದಿನಕ್ಕೆ 5 ಮಿಮೀ ಆವಿಯಾದರೆ 500 ಲೀಟರ್ ನಷ್ಟ. 20 ದಿನ ಕಾಯುವುದರೊಳಗೆ ಸುಮಾರು 10,000 ಲೀಟರ್. ಒಂದು ಎಕರೆ ರಾಗಿಗೆ 25 ಮಿಮೀ ನೀರು ಕೊಡಲು ಸುಮಾರು 1,01,000 ಲೀಟರ್ ಬೇಕು. ಉಳಿಯುವುದು 45,000 ಲೀಟರ್. 100 ಚದರ ಮೀಟರ್ ಕೈತೋಟಕ್ಕೆ ದಿನಕ್ಕೆ 400 ಲೀಟರ್ ಬಳಸಿದರೆ, ಆವಿಯ ನಷ್ಟವೂ ಸೇರಿ ಇದು ಸುಮಾರು ಎರಡೂವರೆ ತಿಂಗಳು ಸಾಕಾಗುತ್ತದೆ. ಸೊಪ್ಪು, ಬೆಂಡೆ, ಬದನೆ ಮನೆಗೆ ಸಿಗುತ್ತವೆ. ಹೊಟ್ಟೆ ತುಂಬಲು ರಾಗಿಯಾದರೆ, ಜೀವಸತ್ವಗಳಿಗೆ ಈ ತರಕಾರಿ.

ಹೊಂಡದ ಪೂರ್ತಿ ನೀರನ್ನು ಒಂದು ಎಕರೆಗೆ ಹರಡಿದರೂ 38 ಮಿಮೀ ಮಾತ್ರ. ಭತ್ತಕ್ಕೆ 1000 ಮಿಮೀಗೂ ಹೆಚ್ಚು ಬೇಕು. ಹೊಂಡವಿದೆಯೆಂದು ಭತ್ತ ನಾಟಿ ಮಾಡಿದರೆ ಅದೂ ಇಲ್ಲ, ರಾಗಿಯೂ ಇಲ್ಲ ಎಂದಾಗುತ್ತದೆ.

ಗಮನಿಸಬೇಕಾದವು

ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಪಾಲಿಥೀನ್ ಹಾಳೆ ಹಾಸಬೇಕು. ಆದರೆ ಹಾಳೆ ಜಾರುತ್ತದೆ. ಬಿದ್ದವರು ಹತ್ತಿ ಬರುವುದು ಕಷ್ಟ. ಆದ್ದರಿಂದ ಸುತ್ತ ಬೇಲಿ ಕಡ್ಡಾಯವಾಗಿರಲಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಲಿ.

ಮಾಡಿ ನೋಡಿ

ನೇರ ಗೋಡೆಯ ಅಗಲ ಪಾತ್ರೆಯಲ್ಲಿ ನೀರು ತುಂಬಿ ಬಿಸಿಲಿನಲ್ಲಿಡಿ. ಒಂದು ವಾರ ದಿನವೂ ಒಂದೇ ಹೊತ್ತಿಗೆ ನೀರಿನ ಮಟ್ಟ ಅಳೆಯಿರಿ. ನೆರಳಿನಲ್ಲಿಟ್ಟ ಅಂಥದೇ ಪಾತ್ರೆಯೊಂದಿಗೆ ಹೋಲಿಸಿ. ಹೊಂಡಕ್ಕೆ ನೆರಳುಬಲೆ ಕಟ್ಟಿದರೆ ಏನು ಲಾಭವೆಂದು ನೀವೇ ಹೇಳಬಲ್ಲಿರಿ.