ಕಾಣದ ಕಾವಲು

ತಾಯಿಯೊಬ್ಬಳು ಧಾರವಾಡದಲ್ಲಿ ಓದುತ್ತಿರುವ ಮಗನಿಗೆ ಬ್ಯಾಂಕಿನ ಮೂಲಕ 500 ರೂಪಾಯಿ ಕಳುಹಿಸಿದಳೆಂದು ಭಾವಿಸಿರಿ. ಅವಳ ಖಾತೆಯಿಂದ ಹಣವನ್ನು ಕಳೆದದ್ದಾಯಿತು. ಮಗನ ಖಾತೆಗೆ ಕೂಡಿಸುವಷ್ಟರಲ್ಲಿ ವಿದ್ಯುತ್ತು ನಿಂತುಹೋಯಿತು. ಆ ಹಣ ಈಗ ಎಲ್ಲಿದೆ? ತಾಯಿಯ ಬಳಿಯೂ ಇಲ್ಲ, ಮಗನ ಬಳಿಯೂ ಇಲ್ಲ. ಇಂಥ ಅನಾಹುತ ಒದಗದಂತೆ ನೋಡಿಕೊಳ್ಳುವುದನ್ನೇ ವೃತ್ತಿಯಾಗಿ ಉಳ್ಳ ಜನರಿದ್ದಾರೆ.

ಬ್ಯಾಂಕಿನ ಖಾತೆ, ರೈಲಿನಲ್ಲಿ ಕಾಯ್ದಿರಿಸಿದ ಆಸನ, ಹೊಲದ ಪಹಣಿ, ನಿಮ್ಮ ಪರೀಕ್ಷೆಯ ಅಂಕಗಳು ಇವೆಲ್ಲವೂ ಇಂದು ಗಣಕಯಂತ್ರಗಳಲ್ಲಿ ಕ್ರಮಬದ್ಧವಾಗಿ ಶೇಖರವಾಗಿವೆ. ಈ ಶೇಖರಣೆಗೆ ಡೇಟಾಬೇಸ್, ಅಂದರೆ ದತ್ತಸಂಚಯ, ಎಂದು ಹೆಸರು. ಮಾಹಿತಿಯನ್ನೆಲ್ಲ ಅಡ್ಡಸಾಲು ಕಂಬಸಾಲುಗಳ ಕೋಷ್ಟಕಗಳಲ್ಲಿ ಇಡುವ ವಿಧಾನವನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಪ್ರತಿಪಾದಿಸಿದರು. ಹಾಜರಿ ಪುಸ್ತಕ ಬರೆದು ಕೈ ಸವೆಸಿದ ನನ್ನಂಥ ಉಪಾಧ್ಯಾಯನಿಗೆ ಕೋಷ್ಟಕವೇನೂ ಹೊಸತಲ್ಲ. ಆದರೆ ಕೋಟಿ ಸಾಲುಗಳ ಪುಸ್ತಕದಲ್ಲಿ ಒಂದು ಹೆಸರನ್ನು ಕಣ್ಣೆವೆಯಿಕ್ಕುವುದರೊಳಗೆ ಹುಡುಕಿ ಕೊಡುವುದು ಬೇರೆಯೇ ಮಾತು.

ದತ್ತಸಂಚಯವನ್ನು ಕಾಯುವವರ ದಿನಚರಿ ಹೊರಗಿನವರಿಗೆ ನೀರಸವಾಗಿ ಕಂಡೀತು. ಯಾರು ಯಾವುದನ್ನು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ಅವರು ಗೊತ್ತುಪಡಿಸುತ್ತಾರೆ; ಮಾಹಿತಿಯ ನಕಲನ್ನು ತೆಗೆದು ಬೇರೊಂದು ಸ್ಥಳದಲ್ಲಿ ಇಡುತ್ತಾರೆ. ನಕಲು ಇದ್ದರೆ ಸಾಲದು. ಅದರಿಂದ ಮೂಲವನ್ನು ಮತ್ತೆ ಕಟ್ಟಲು ಸಾಧ್ಯವೇ ಎಂದು ಆಗಾಗ ಪರೀಕ್ಷಿಸಲೂ ಬೇಕು. ನಡುರಾತ್ರಿ ಯಂತ್ರ ಕೆಟ್ಟರೆ ನಡುರಾತ್ರಿಯೇ ಏಳಬೇಕು. ಎಲ್ಲವೂ ಸರಿಯಾಗಿರುವಾಗ ಇವರ ನೆನಪು ಯಾರಿಗೂ ಬರುವುದಿಲ್ಲ.

ಮೇಲಿನ ತಾಯಿಯ ಹಣಕ್ಕೆ ಇವರು ಕಂಡುಕೊಂಡ ಉಪಾಯ ನಮ್ಮ ಹಳೆಯ ವರ್ತಕರ ಪದ್ಧತಿಯನ್ನು ನೆನಪಿಗೆ ತರುತ್ತದೆ. ವರ್ತಕರು ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಖಾತೆಗೆ ಏರಿಸುತ್ತಿದ್ದರು. ಗಣಕಯಂತ್ರವೂ ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಂಥ ಒಂದು ಕಡತದಲ್ಲಿ ಗುರುತಿಸಿಕೊಳ್ಳುತ್ತದೆ. ವಿದ್ಯುತ್ತು ಮರಳಿದಾಗ ಆ ಕಡತವನ್ನು ಓದಿ, ವ್ಯವಹಾರವು ಮುಗಿದುದೆಂದು ಅಲ್ಲಿ ದಾಖಲಾಗಿದ್ದರೆ ಅದನ್ನು ಪೂರ್ತಿಯಾಗಿ ಜಾರಿಗೊಳಿಸುತ್ತದೆ. ಇಲ್ಲವಾದರೆ ಪೂರ್ತಿಯಾಗಿ ಅಳಿಸಿ, ತಾಯಿಯ ಹಣವನ್ನು ತಾಯಿಗೇ ಉಳಿಸುತ್ತದೆ. ಅರ್ಧ ನಡೆದ ವ್ಯವಹಾರಕ್ಕೆ ಅಲ್ಲಿ ಎಡೆಯಿಲ್ಲ.

ಈ ಶಾಸ್ತ್ರಕ್ಕೆ ಖಚಿತವಾದ ರೂಪ ಕೊಟ್ಟವರಲ್ಲಿ ಅಮೆರಿಕದ ಜಿಮ್ ಗ್ರೇ ಪ್ರಮುಖರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಆಕಾಶದಿಂದ ತೆಗೆದ ಭೂಮಿಯ ಚಿತ್ರಗಳ ಬೃಹತ್ ಸಂಚಯವೊಂದನ್ನು ಅದೇ ವರ್ಷ ಜನಸಾಮಾನ್ಯರಿಗೆ ತೆರೆದಿಟ್ಟವರಲ್ಲಿಯೂ ಅವರು ಒಬ್ಬರು.

2007ರ ಜನವರಿ 28ರಂದು ಗ್ರೇ, ತಮ್ಮ ತಾಯಿಯ ಚಿತಾಭಸ್ಮವನ್ನು ಕಡಲಿಗೆ ಅರ್ಪಿಸಲೆಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಫ್ಯಾರಲಾನ್ ದ್ವೀಪಗಳತ್ತ ಹಾಯಿದೋಣಿಯಲ್ಲಿ ಒಬ್ಬರೇ ಹೊರಟರು. ಅವರು ಹಿಂತಿರುಗಲಿಲ್ಲ. ಕರಾವಳಿ ರಕ್ಷಣಾದಳವು ಕೆಲವು ದಿನ ಹುಡುಕಿ ಕೈಬಿಟ್ಟಿತು. ಅವರ ವೃತ್ತಿಬಾಂಧವರು ಮಾತ್ರ ಬಿಡಲೊಲ್ಲದೆ, ಉಪಗ್ರಹದಿಂದ ಆ ಕಡಲಿನ ಚಿತ್ರಗಳನ್ನು ತರಿಸಿದರು. ಅವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ ನೋಡುವವರಿಗೆ ಹಂಚಿದರು. ಗ್ರೇಯವರ ಮುಖವನ್ನೇ ಕಾಣದ ಸಾವಿರಾರು ಜನ ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ನೀಲಿ ನೀರಿನ ನಡುವೆ ಒಂದು ದೋಣಿಯ ಚುಕ್ಕೆಗಾಗಿ ಕಣ್ಣು ನೆಟ್ಟರು. ಮೋಡ ಯಾವುದು, ತೆರೆಯ ನೊರೆ ಯಾವುದು, ಹಾಯಿ ಯಾವುದು ಎಂದು ತಿಳಿಯುವುದೇ ಕಷ್ಟವಾಗಿತ್ತು.

ದೋಣಿಯ ಒಂದು ಹಲಗೆಯೂ ಸಿಕ್ಕಲಿಲ್ಲ. 2008ರ ಮೇ ತಿಂಗಳಲ್ಲಿ ಅವರ ಬಂಧುಗಳೂ ಸಹೋದ್ಯೋಗಿಗಳೂ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಕಲೆತರು. ಮೊದಲು ನೆನಪಿನ ಮಾತುಗಳು ನಡೆದವು. ಅನಂತರ ಅಲ್ಲಿಯೇ ಕುಳಿತು ದತ್ತಸಂಚಯದ ವಿಷಯವಾಗಿ ಸಂಜೆಯವರೆಗೂ ಚರ್ಚಿಸಿದರು.