ಜೋಡಿ ತಪ್ಪಿದ ಕೊಂಡಿ

ಆಂಧ್ರದ ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆರಳಿಂದ ಒತ್ತಿದರೆ ಬಗ್ಗದ ಗೂಡಿಗೇ ಬೆಲೆ. ಆ ಗಟ್ಟಿತನದ ಗುಟ್ಟು ತೀರಾ ಸಣ್ಣದು. ರೇಷ್ಮೆಯ ಪ್ರೋಟೀನಿನಲ್ಲಿ ಉದ್ದದ್ದೊಂದು, ಗಿಡ್ಡದ್ದೊಂದು ಸರಪಳಿ. ಎರಡನ್ನೂ ಹಿಡಿದಿರುವುದು ಗಂಧಕದ ಒಂದೇ ಕೊಂಡಿ. ಈ ಕೊಂಡಿ ಕೂಡದ ಹುಳುಗಳೂ ಇವೆ. ಅವುಗಳ ಗೂಡು ಹೆಚ್ಚುಕಡಿಮೆ ಬರೀ ಅಂಟು.

ಇಂಥದೇ ಕೊಂಡಿ ನಮ್ಮ ಮೆದುಳಿನ ಸಣ್ಣ ರಕ್ತನಾಳಗಳಲ್ಲೂ ಇದೆ. ನಾಳವನ್ನು ಸುತ್ತಿಕೊಂಡ ಸ್ನಾಯುಕೋಶಗಳ ಮೇಲೆ ನಾಚ್-3 ಎಂಬ ಪ್ರೋಟೀನು ಚಾಚಿಕೊಂಡಿರುತ್ತದೆ. ಅದರ ಹೊರಭಾಗ 34 ಮಣಿಗಳ ಸರ. ಒಂದೊಂದು ಮಣಿಯಲ್ಲೂ ಗಂಧಕವಿರುವ 6 ಸಿಸ್ಟೀನ್‌ಗಳು, ಎರಡೆರಡು ಕೂಡಿ 3 ಕೊಂಡಿ. ಜೀನಿನಲ್ಲಿ ಒಂದಕ್ಷರ ತಪ್ಪಿ 6 ಇದ್ದದ್ದು 5 ಅಥವಾ 7 ಆಯಿತೆನ್ನಿ, ಒಂದು ಸಿಸ್ಟೀನ್ ಜೋಡಿಯಿಲ್ಲದೆ ಉಳಿಯುತ್ತದೆ. ಆ ಒಂಟಿ ಕೈ ಪಕ್ಕದವರನ್ನು ಹಿಡಿಯುತ್ತದೆ. ನಾಳದ ಗೋಡೆಯಲ್ಲಿ ಪ್ರೋಟೀನು ಗಂಟುಗಂಟಾಗಿ ಕೂರುತ್ತದೆ. ಸ್ನಾಯುಕೋಶ ಸಾಯುತ್ತದೆ, ಗೋಡೆ ದಪ್ಪವಾಗುತ್ತದೆ, ಮೆದುಳಿನ ಒಳಪದರಕ್ಕೆ ರಕ್ತ ಸಾಲದಾಗುತ್ತದೆ. ಮೂವತ್ತರ ಆಸುಪಾಸಿನಲ್ಲಿ ಕಣ್ಣೆದುರು ಮಿಂಚು ಹೊಡೆಯುವ ಅರೆತಲೆನೋವು, ನಲವತ್ತು ಐವತ್ತಕ್ಕೆ ಲಕ್ವ, ಆಮೇಲೆ ಮರೆವು. ಬಿಪಿ, ಶುಗರ್ ಏನೂ ಇಲ್ಲದವರಿಗೂ! ಕಾಡಾಸಿಲ್ ಎಂದು ಇದರ ಹೆಸರು. ಜೀನನ್ನು 1996ರಲ್ಲಿ ಫ್ರಾನ್ಸಿನ ತಂಡವೊಂದು ಗುರುತಿಸಿತು. ಮೆದುಳಿನ ಕಾಯಿಲೆಯ ಗುರುತು ತೋಳಿನ ಚರ್ಮದ ನಾಳದಲ್ಲೂ ಸಿಗುತ್ತದೆ: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಪ್ಪು ಕಾಳುಗಳಾಗಿ.

ಕಾಡಾಸಿಲ್ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದರ ದಾಯಾದಿ ಕಾರಾಸಿಲ್‌ನ ಲೆಕ್ಕವೇ ಬೇರೆ. ಜಪಾನಿನಲ್ಲಿ ಮೊದಲು ಕಂಡ ಈ ರೋಗಕ್ಕೆ ತಂದೆ ತಾಯಿ ಇಬ್ಬರಿಂದಲೂ ಜೀನಿನ ಕೆಟ್ಟ ಪ್ರತಿ ಬರಬೇಕು. ಹಿಂದೂಪುರ, ಕಲ್ಯಾಣದುರ್ಗದ ಕಡೆಯೂ, ಗಡಿಯೀಚೆ ನಮ್ಮ ಪಾವಗಡ, ಮಧುಗಿರಿಯಲ್ಲೂ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ರೂಢಿ. ಸೋದರಮಾವ, ಸೊಸೆಯ ನಡುವೆ ಸರಾಸರಿ ಕಾಲುಭಾಗ ಜೀನುಗಳು ಒಂದೇ. ಅಪರೂಪದ ಎರಡು ಪ್ರತಿ ಒಂದೇ ತೊಟ್ಟಿಲಿಗೆ ಬೀಳಲು ಇದಕ್ಕಿಂತ ಹತ್ತಿರದ ದಾರಿ ಬೇಕೆ? ಆಸ್ತಿ ಹೊರಗೆ ಹೋಗದಿರಲಿ ಎಂದು ಮಾಡಿದ ಏರ್ಪಾಡಿನಲ್ಲಿ ರೋಗವೂ ಹೊರಗೆ ಹೋಗುವುದಿಲ್ಲ.

ಕಾರಾಸಿಲ್‌ನಲ್ಲಿ ಕೆಟ್ಟಿರುವುದು ಎಚ್‌ಟಿಆರ್‌ಎ-1 ಎಂಬ ಕತ್ತರಿ. ಬೇರೆ ಪ್ರೋಟೀನುಗಳನ್ನು ತುಂಡರಿಸುವ ಕೆಲಸ ಅದರದು. ಜೀನು ಪತ್ತೆಯಾದದ್ದು 2009ರಲ್ಲಿ. ವಿಚಿತ್ರವೆಂದರೆ ಕಾಡಾಸಿಲ್ ರೋಗಿಗಳ ಮೆದುಳಿನಲ್ಲಿ ಈ ಕತ್ತರಿ ಸರಿಯಾಗಿಯೇ ಇದ್ದರೂ ನಾಚ್-3ರ ಗಂಟಿನೊಳಗೆ ಸಿಕ್ಕಿಬಿದ್ದಿರುತ್ತದೆ. ಒಂದರಲ್ಲಿ ಕತ್ತರಿ ಮೊಂಡು, ಇನ್ನೊಂದರಲ್ಲಿ ಸೆರೆ.

ಇಪ್ಪತ್ತರೊಳಗೇ ಕೂದಲುದುರಿ ಬೋಳಾದ ತಲೆ, ಮೂವತ್ತಕ್ಕೆ ಸೊಂಟ ಹಿಡಿದು ಏಳಲಾಗದ ನೋವು, ಜೊತೆಗೆ ಕಾಲು ಎಳೆದು ನಡೆಯುವುದು: ಕಾರಾಸಿಲ್‌ನ ಈ ಮೂರೂ ಲಕ್ಷಣ ಒಬ್ಬರಲ್ಲೇ ಕಂಡರೆ ನರರೋಗ ವೈದ್ಯರು ಸ್ಕ್ಯಾನಿಗೆ ಬರೆಯುತ್ತಲೇ ಕೇಳುವ ಪ್ರಶ್ನೆ, “ನಿಮ್ಮ ಅಪ್ಪ ಅಮ್ಮ ಸಂಬಂಧದಲ್ಲೇನಾ?”