ಒಂದೇ ಒಂದು ಅಕ್ಷರದ ತಪ್ಪು

ಕಳೆದ ಭಾನುವಾರ ಊಟಕ್ಕೆ ಕೂತಿದ್ದೆವು. ಒಂಬತ್ತನೇ ತರಗತಿಯಲ್ಲಿ ಓದುವ ಮೊಮ್ಮಗಳು ಹೆಸರುಕಾಳಿನ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ತಿನ್ನು ಪುಟ್ಟಿ, ಕಾಳಿನಲ್ಲಿ ಪ್ರೋಟೀನ್ ಇರುತ್ತೆ" ಎಂದಳು ನನ್ನ ಹೆಂಡತಿ.

"ನನ್ನ ರಕ್ತದಲ್ಲೂ ಪ್ರೋಟೀನ್ ಇದೆ ಅಜ್ಜಿ, ಹಿಮೋಗ್ಲೋಬಿನ್ ಅಂತ. ಅದರ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಾದರೂ ದೊಡ್ಡ ಕಾಯಿಲೆ ಬರುತ್ತೆ ಅಂತ ನಮ್ಮ ಮಿಸ್ ಹೇಳಿದರು. ಒಂದು ಅಕ್ಷರಕ್ಕೆ ಅಷ್ಟೊಂದಾ ತಾತ?"

ನಾನು ಓದಿದ್ದು ಬಿ.ಕಾಂ. ಜೀವಶಾಸ್ತ್ರ ನನಗೆ ದೂರದ ನೆಂಟ. ಆದರೆ ಒಂದು ಅಂಕಿಯ ತಪ್ಪು ಏನು ಮಾಡಬಲ್ಲದು ಎಂದು ಬ್ಯಾಂಕಿನ ಗುಮಾಸ್ತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರ್ ಬರುವ ಮೊದಲು ಎಲ್ಲವನ್ನೂ ಲೆಡ್ಜರಿನಲ್ಲಿ ಕೈಯಿಂದಲೇ ಬರೆಯುತ್ತಿದ್ದೆವು. 54 ಎಂದು ಬರೆಯುವ ಕಡೆ 45 ಎಂದು ಬರೆದರೆ ಮುಗಿಯಿತು, ಬ್ಯಾಲೆನ್ಸ್ ಟ್ಯಾಲಿ ಆಗುವುದಿಲ್ಲ. ರಾತ್ರಿ ಹತ್ತಾದರೂ ಯಾರೂ ಮನೆಗೆ ಹೋಗುವಂತಿಲ್ಲ. ಆಗ ನಮ್ಮ ಹಿರಿಯರು ಒಂದು ಉಪಾಯ ಹೇಳಿಕೊಟ್ಟಿದ್ದರು: ವ್ಯತ್ಯಾಸದ ಮೊತ್ತ ಒಂಬತ್ತರಿಂದ ಭಾಗವಾದರೆ, ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರಬಹುದು, ಹುಡುಕಿ! ಮಕ್ಕಳೇ, ನೀವೂ ಬರೆದು ನೋಡಿ.

ದೇಹದ ಲೆಡ್ಜರಿನಲ್ಲಿ ಇಂಥದೊಂದು ತಪ್ಪನ್ನು ವಿಜ್ಞಾನಿಗಳು ಹುಡುಕಿದ ಕಥೆಯನ್ನು ಈಗ ಹೇಳುತ್ತೇನೆ.

ಮಣಿ ಮತ್ತು ಸರ

ನಾವು ತಿಂದ ಕಾಳಿನ ಪ್ರೋಟೀನ್ ಹಾಗೆಯೇ ರಕ್ತ ಸೇರುವುದಿಲ್ಲ. ಪ್ರೋಟೀನ್ ಎಂದರೆ ಒಂದು ಮಣಿಸರ. ಆ ಮಣಿಗಳ ಹೆಸರು ಅಮೈನೊ ಆಮ್ಲ. ಇವುಗಳಲ್ಲಿ 20 ಮುಖ್ಯ ಬಗೆಗಳಿವೆ. ಹೊಟ್ಟೆಯಲ್ಲಿ ಸರ ಬಿಚ್ಚಿ ಮಣಿಗಳು ಬಿಡಿಬಿಡಿಯಾಗುತ್ತವೆ. ದೇಹ ಅದೇ ಮಣಿಗಳನ್ನು ತನಗೆ ಬೇಕಾದ ಹಾಗೆ ಮತ್ತೆ ಪೋಣಿಸಿಕೊಳ್ಳುತ್ತದೆ. ಕೂದಲಿಗೆ ಒಂದು ಸರ, ಸ್ನಾಯುವಿಗೆ ಇನ್ನೊಂದು, ರಕ್ತಕ್ಕೆ ಮತ್ತೊಂದು.

ಯಾವ ಮಣಿಯ ಪಕ್ಕ ಯಾವ ಮಣಿ ಎಂದು ಹೇಳುವುದು ಯಾರು? ಅದೇ ಜೀನ್, ಕನ್ನಡದಲ್ಲಿ ವಂಶವಾಹಿ. ಈ ಬರಹಕ್ಕೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಮೂರು ಮೂರು ಅಕ್ಷರ ಸೇರಿ ಒಂದು ಮಣಿಯ ಹೆಸರಾಗುತ್ತದೆ. ಈ ಸಂಕೇತವನ್ನು ಬಿಡಿಸಿದವರಲ್ಲಿ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ ಒಬ್ಬರು. ಅದಕ್ಕಾಗಿ 1968ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಹುಮಾನ ಬಂತು. ನಮ್ಮ ಒಂದೊಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಎಂಥ ಲೆಡ್ಜರ್ ನೋಡಿ!

ಕುಡುಗೋಲಿನಂತಾದ ರಕ್ತಕಣ

1910ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಒಂದು ವಿಚಿತ್ರ ಪ್ರಕರಣವನ್ನು ಪ್ರಕಟಿಸಿದರು. ರೋಗಿ ವೆಸ್ಟ್ ಇಂಡೀಸಿನ ಗ್ರೆನೆಡಾದಿಂದ ದಂತವೈದ್ಯ ಓದಲು ಬಂದಿದ್ದ ಯುವಕ. ಸೂಕ್ಷ್ಮದರ್ಶಕದಲ್ಲಿ ಅವನ ರಕ್ತ ನೋಡಿದರೆ, ದುಂಡಗಿರಬೇಕಾದ ಕೆಂಪು ಕಣಗಳಲ್ಲಿ ಹಲವು ಕುಡುಗೋಲಿನಂತೆ ಬಾಗಿದ್ದವು. ಅದರಿಂದಲೇ ಈ ರೋಗಕ್ಕೆ ಸಿಕಲ್ ಸೆಲ್ ಎಂಬ ಹೆಸರು ಬಂತು. ನಾವು ಕುಡುಗೋಲು ಕಣ ರೋಗ ಎನ್ನಬಹುದು.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ದೋಷ ಇರುವುದು ಹಿಮೋಗ್ಲೋಬಿನ್ ಪ್ರೋಟೀನಿನಲ್ಲೇ ಎಂದು ತೋರಿಸಿದರು. ಆದರೆ ಎಲ್ಲಿ? ಕೇಂಬ್ರಿಜ್‌ನಲ್ಲಿದ್ದ ವರ್ನನ್ ಇಂಗ್ರಾಮ್ 1956-57ರಲ್ಲಿ ಪ್ರೋಟೀನನ್ನು ಸಣ್ಣ ಸಣ್ಣ ತುಂಡು ಮಾಡಿ, ಒಳ್ಳೆಯ ರಕ್ತದ ತುಂಡುಗಳನ್ನೂ ರೋಗಿಯ ರಕ್ತದ ತುಂಡುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನಾವು ವೋಚರಿಗೂ ಲೆಡ್ಜರಿಗೂ ತಾಳೆ ನೋಡುತ್ತಿದ್ದ ಹಾಗೆ! ವ್ಯತ್ಯಾಸ ಇದ್ದದ್ದು ಒಂದೇ ತುಂಡಿನಲ್ಲಿ. ಹಿಮೋಗ್ಲೋಬಿನ್‌ನ ಬೀಟಾ ಸರದಲ್ಲಿ 146 ಮಣಿಗಳಿವೆ. ಅದರ ಆರನೆಯ ಮಣಿ ಗ್ಲುಟಾಮಿಕ್ ಆಮ್ಲ ಆಗಿರಬೇಕಿತ್ತು, ವ್ಯಾಲೀನ್ ಆಗಿಬಿಟ್ಟಿತ್ತು. ಜೀನಿನ ಬರಹದಲ್ಲಿ 'ಜಿಎಜಿ' ಇರಬೇಕಾದ ಕಡೆ 'ಜಿಟಿಜಿ' ಇರುವುದೇ ಇದಕ್ಕೆ ಕಾರಣ. ಅಷ್ಟೇ, ಒಂದೇ ಅಕ್ಷರ.

ಆದರೆ ಗ್ಲುಟಾಮಿಕ್ ಆಮ್ಲಕ್ಕೆ ನೀರು ಎಂದರೆ ಇಷ್ಟ. ವ್ಯಾಲೀನ್ ಎಣ್ಣೆಯ ಹಾಗೆ, ನೀರಿಗೆ ಸೇರದು. ಆಮ್ಲಜನಕವನ್ನು ಇಳಿಸಿದ ಹಿಮೋಗ್ಲೋಬಿನ್‌ಗಳು ಈ ಮಣಿಯ ದೆಸೆಯಿಂದ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಕಡ್ಡಿಗಳಾಗುತ್ತವೆ. ಕಡ್ಡಿ ಒಳಗಿನಿಂದ ಒತ್ತಿದಾಗ ಮೆತ್ತಗಿನ ಕಣ ಗಡುಸಾಗಿ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಕೈಕಾಲು, ಎದೆ, ಬೆನ್ನಿನಲ್ಲಿ ತಡೆಯಲಾರದ ನೋವು. ಒಳ್ಳೆಯ ಕಣ ಸುಮಾರು 120 ದಿನ ಬಾಳಿದರೆ, ಇವು 10ರಿಂದ 20 ದಿನದಲ್ಲೇ ಒಡೆಯುತ್ತವೆ. ಅದರಿಂದ ರಕ್ತಹೀನತೆ, ಸುಸ್ತು, ಹಳದಿ ಕಣ್ಣು.

ನಾನು ಆಡಿದ ಒಂದು ಮಾತು

ಇದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಬರುವುದು ಒಬ್ಬ ಹುಡುಗ. ನಲವತ್ತು ವರ್ಷಗಳ ಹಿಂದೆ ಕಾಡಂಚಿನ ಒಂದು ಸಣ್ಣ ಶಾಖೆಯಲ್ಲಿದ್ದೆ. ನಮ್ಮ ಶಾಖೆಗೆ ನೀರು ತಂದುಕೊಡುತ್ತಿದ್ದಾತ ಹತ್ತಿರದ ಹಾಡಿಯವನು. ಅವನ ಮಗನಿಗೆ ಹತ್ತು ವರ್ಷವಿರಬಹುದು. ಮಳೆ, ಚಳಿ ಬಂತೆಂದರೆ ಕಾಲು ನೋವು ಎಂದು ಬ್ಯಾಂಕಿನ ಜಗುಲಿಯಲ್ಲಿ ಮುದುಡಿ ಕೂರುತ್ತಿದ್ದ. ಶಾಲೆಗೆ ಹೋಗುತ್ತಿರಲಿಲ್ಲ. ಕಣ್ಣು ಹಳದಿ.

ಒಂದು ದಿನ ನಾನು ಅವನ ಅಪ್ಪನಿಗೆ ಹೇಳಿದೆ: "ನೋವೂ ಇಲ್ಲ ಏನೂ ಇಲ್ಲ, ಸ್ಕೂಲು ತಪ್ಪಿಸೋಕೆ ನಾಟಕ. ಎರಡು ಬಿಗಿ, ಸರಿಹೋಗ್ತಾನೆ."

ಆತ ಏನೂ ಹೇಳಲಿಲ್ಲ. ಕೊಡ ಎತ್ತಿಕೊಂಡು ಹೋದ. ಸ್ವಲ್ಪ ದಿನಕ್ಕೆ ನನಗೆ ವರ್ಗವಾಯಿತು. ಆ ಹುಡುಗನಿಗೆ ಇದೇ ಕಾಯಿಲೆ ಇತ್ತೆನ್ನಲು ನಾನು ವೈದ್ಯನಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಈ ರೋಗದ ಲಕ್ಷಣಗಳನ್ನು ಓದಿದಾಗ ಪೇಪರ್ ಮಡಿಸಿಟ್ಟು ಸುಮ್ಮನೆ ಕೂತೆ.

ನಮ್ಮ ದೇಶದಲ್ಲಿ ಕುಡುಗೋಲು ಕಣ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಮಧ್ಯ ಭಾರತದ ಬುಡಕಟ್ಟುಗಳಲ್ಲಿ ಹೆಚ್ಚು. ಕರ್ನಾಟಕದ ಕಾಡಂಚಿನ ಸಮುದಾಯಗಳಲ್ಲೂ ಇದೆ.

ತಪ್ಪು ಯಾರದು?

ಅಜ್ಜ ಅಜ್ಜಿಯರು ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಬೇಕು. ಪ್ರತಿಯೊಬ್ಬರಿಗೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಪ್ರತಿಯಲ್ಲಿ ಮಾತ್ರ ತಪ್ಪಿದ್ದರೆ ಅವರು ವಾಹಕರು. ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಎರಡೂ ಪ್ರತಿಗಳಲ್ಲಿ ತಪ್ಪಿದ್ದರೆ ರೋಗ. ಅಪ್ಪ ಅಮ್ಮ ಇಬ್ಬರೂ ವಾಹಕರಾದರೆ, ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಎನ್ನುವಂತಿಲ್ಲ. ಪ್ರತಿ ಸಲವೂ ಹೊಸ ಲೆಕ್ಕವೇ.

ಹಾಗಾಗಿ "ಸೊಸೆ ತಂದ ಕಾಯಿಲೆ" ಎನ್ನುವ ಮಾತು ಲೆಕ್ಕದಲ್ಲೇ ತಪ್ಪು. ಇದು ಅಂಟುರೋಗವೂ ಅಲ್ಲ, ಶಾಪವೂ ಅಲ್ಲ.

ಇನ್ನೊಂದು ಸೋಜಿಗ. ಇಂಥ ತಪ್ಪು ಇಷ್ಟು ತಲೆಮಾರು ಏಕೆ ಅಳಿಯದೆ ಉಳಿಯಿತು? 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಉತ್ತರ ಕಂಡುಕೊಂಡರು. ವಾಹಕರಿಗೆ ಮಾರಕ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಸೊಳ್ಳೆ ಕಾಟದ ಕಾಡುನಾಡಿನಲ್ಲಿ ಇದೇ ತಪ್ಪು ಎಷ್ಟೋ ಜೀವ ಉಳಿಸಿದೆ!

ಈಗ ಏನು ದಾರಿ?

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭವಾಯಿತು. ರೋಗಬಾಧಿತ ಪ್ರದೇಶಗಳ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷಿಸುವುದು ಅದರ ಗುರಿ. ಪರೀಕ್ಷೆಯಾದವರಿಗೆ ಕಾರ್ಡ್ ಕೊಡುತ್ತಾರೆ. ಮದುವೆಯ ಮಾತುಕತೆಗೆ ಜಾತಕದ ಜೊತೆ ಈ ಕಾರ್ಡನ್ನೂ ನೋಡುವುದು ಜಾಣತನ.

ರೋಗವಿದ್ದವರಿಗೆ ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಇದೆ. ವೈದ್ಯರು ಹೇಳಿದಂತೆ ತೆಗೆದುಕೊಂಡರೆ ನೋವಿನ ಸರದಿ ಕಡಿಮೆಯಾಗುತ್ತದೆ. ಚೆನ್ನಾಗಿ ನೀರು ಕುಡಿಯಬೇಕು, ಚಳಿಗೆ ಬೆಚ್ಚಗಿರಬೇಕು, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳು ಜೀನನ್ನೇ ತಿದ್ದುವ ಕ್ರಿಸ್ಪರ್ ಚಿಕಿತ್ಸೆಯೊಂದಕ್ಕೆ ಒಪ್ಪಿಗೆ ಕೊಟ್ಟವು. ಅದು ತಪ್ಪು ಅಕ್ಷರವನ್ನು ಮುಟ್ಟುವುದಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ನಮಗೆ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಅದು ಕ್ರಮೇಣ ನಿಲ್ಲುತ್ತದೆ. ಆ ಹಳೆಯ ಖಾತೆಯನ್ನು ಮತ್ತೆ ತೆರೆಯುವುದೇ ಈ ಚಿಕಿತ್ಸೆಯ ಉಪಾಯ. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ನಮ್ಮ ದೆಹಲಿಯ ವಿಜ್ಞಾನಿಗಳೂ ಕಡಿಮೆ ಖರ್ಚಿನ ಜೀನ್ ಚಿಕಿತ್ಸೆಗೆ ಶ್ರಮಿಸುತ್ತಿದ್ದಾರೆ.

ಇಷ್ಟು ಕೇಳಿದ ಮೊಮ್ಮಗಳು, "ಆ ಹುಡುಗ ಈಗ ಎಲ್ಲಿದ್ದಾನೆ ತಾತ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಇದ್ದರೆ ಐವತ್ತು ದಾಟಿರಬೇಕು.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಯಾರಾದರೂ ಪದೇ ಪದೇ ನೋವು, ಸುಸ್ತು ಎಂದರೆ ನಗಬೇಡಿ, ಟೀಚರಿಗೆ ಹೇಳಿ. ಹಿರಿಯರೇ, ಮಗು ನೋವು ಎಂದಾಗ ಮೊದಲು ನಂಬಿ. ಒಂದು ಹನಿ ರಕ್ತದ ಪರೀಕ್ಷೆ ಸಾಕು. ನಾನು ಅಂದು ಆಡಿದ ಮಾತನ್ನು ನೀವು ಯಾರೂ ಆಡದಿರಲಿ ಎಂದೇ ಇದನ್ನು ಬರೆದೆ.